ಬೇಲಿಯಾಚೆ ನಿಂತ ನಾಗಕ್ಕ

ಪ್ಲೇಗು ಊರೂರು ತಿರುಗುತ್ತಿದ್ದ ಕಾಲ. ಮೊಳಕಾಲ್ಮೂರು ಸೀಮೆಯ ಒಂದು ಕುರಿಗಾರರ ಹಟ್ಟಿಯಲ್ಲಿ ಇಲಿಗಳು ಸತ್ತು ಬೀಳತೊಡಗಿದವು. ಹಟ್ಟಿಯ ಯಜಮಾನ ಚಿಕ್ಕೀರಪ್ಪನ ಮನೆಯಲ್ಲಂತೂ ಮೊಮ್ಮಗಳ ತೊಟ್ಟಿಲ ಪಕ್ಕದಲ್ಲೇ ಒಂದು ಬಿದ್ದಿತ್ತು.

ಇಲಿ ಬಿದ್ದರೆ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಳ್ಳಿ ಎಂದು ಸರ್ಕಾರದವರು ಡಂಗುರ ಸಾರಿಸಿದ್ದರು. ಚಿಕ್ಕೀರಪ್ಪ ಜಪ್ಪಯ್ಯ ಅನ್ನಲಿಲ್ಲ. ಹಟ್ಟಿಯ ಸುತ್ತ ಮುಳ್ಳುಬೇಲಿಯಿದೆ, ದೇವರ ಕಾವಲಿದೆ, ಯಾವ ರೋಗವೂ ದಾಟಿ ಬರುವುದಿಲ್ಲ ಎಂಬುದು ಅವನ ಧೈರ್ಯ. ಸಾಲದ್ದಕ್ಕೆ ಚಳ್ಳಕೆರೆ ಸಂತೆಯಿಂದ ಒಂದು ಸುದ್ದಿಯನ್ನೂ ಹೊತ್ತು ತಂದಿದ್ದ. ಮನೆ ಬಿಟ್ಟವರನ್ನು ಹಿಡಿದು ವಿಷದ ಸೂಜಿ ಚುಚ್ಚುತ್ತಾರಂತೆ! ಯಜಮಾನ ಹೇಳಿದ ಮೇಲೆ ಹಟ್ಟಿಯಲ್ಲಿ ಒಬ್ಬರೂ ಕದಲಲಿಲ್ಲ.

ಆಗ ಬಂದಳು ನಾಗಕ್ಕ, ಬಿ.ಜಿ. ಕೆರೆಯ ಕಡೆ ಕೊಟ್ಟಿದ್ದ ಅವನ ಅಕ್ಕ. ತವರಿಗೆ ಬಂದವಳು ಬೇಲಿಯಾಚೆಯೇ ನಿಂತುಬಿಟ್ಟಳು.

"ನಮ್ಮ ಕಡೆ ಪಿಲೇಗು ಐತೆ ತಮ್ಮ. ನಾನು ಒಳಗೆ ಬರಲ್ಲ. ನಿಮ್ಮಲ್ಲೂ ಇಲಿ ಬೀಳ್ತಾವಂತೆ, ನೀವೇ ಮನೆ ಬಿಟ್ಟು ಹೊರಗೆ ಬರ್ರಿ."

ಚಿಕ್ಕೀರಪ್ಪ ಸೂಜಿಯ ವಿಷಯ ತೆಗೆದ.

"ಚುಚ್ಚಿದ್ದು ನೀನು ಕಂಡ್ಯಾ?"

"ಸಂತ್ಯಾಗೆ ಹೇಳಿದ್ರಕ್ಕ."

"ಕುರಿ ಕೊಳ್ಳಾಕೆ ಹೋದ್ರೆ ಬಾಯಿ ಬಿಡಿಸಿ ಹಲ್ಲು ನೋಡ್ತೀಯಾ. ಇದನ್ನ ಮಾತ್ರ ನೋಡದಂಗೆ ತಗಂಡು ಬಂದ್ಯಾ? ನಾವೂ ಹಿಂಗೇ ನಂಬಿ ಮನ್ಯಾಗೇ ಕುಂತ್ವಿ. ಬಯಲಿಗೆ ಹೋದೋರು ಬದುಕವ್ರೆ. ನನ್ನ ಮಗ ಜುಂಜಣ್ಣ ಇಲ್ಲ."

ಚಿಕ್ಕೀರಪ್ಪ ತಾನೇ ಎತ್ತಿ ಆಡಿಸಿದ್ದ ಸೋದರಳಿಯ ಅವನು. ನಾಗಕ್ಕ ಅಳುತ್ತಲೇ ತಿಳಿಸಿ ಹೇಳಿದಳು. ಇಲಿಗೆ ಬೇಲಿ ಯಾವ ಲೆಕ್ಕ, ಸತ್ತ ಇಲಿಯ ಮೈಮೇಲಿನ ಚಿಗಟ ಕಚ್ಚಿಯೇ ರೋಗ ಹತ್ತುವುದು. ಕುರಿ ರೊಪ್ಪಕ್ಕೆ ರೋಗ ಬಿದ್ದರೆ ಮಂದೆಯನ್ನು ಬೇರೆ ಜಾಗಕ್ಕೆ ಹೊಡೆಯುವವರು ನೀವು, ಮಕ್ಕಳ ವಿಷಯದಲ್ಲಿ ಯಾಕೆ ಮಂಕಾದಿರಿ ಎಂದಳು.

ಚಿಕ್ಕೀರಪ್ಪ ಬೇಲಿಯ ಮುಳ್ಳನ್ನು ತನ್ನ ಕೈಯಾರೆ ಎಳೆದು ದಾರಿ ಬಿಡಿಸಿದ. ಆಮೇಲೆ ಒಂದೊಂದೇ ಮನೆಯ ಮುಂದೆ ನಿಂತು, ತಲೆಯೆತ್ತಿ ಹೇಳಿದ:

"ನಾನು ತಂದ ಸುದ್ದಿ ಸುಳ್ಳು. ಕಣ್ಣಾರೆ ಕಂಡಿರಲಿಲ್ಲ. ಹೊರಡ್ರಿ."

ಸಂಜೆಯೊಳಗೆ ಇಡೀ ಹಟ್ಟಿ ಬಯಲಲ್ಲಿತ್ತು. ಆ ಸಲ ಅಲ್ಲಿ ಒಂದು ಹೆಣವೂ ಬೀಳಲಿಲ್ಲ. ನನ್ನ ತಮ್ಮ ಎಂಥವನು ನೋಡಿ ಎಂದು ನಾಗಕ್ಕ ಬದುಕಿದ್ದ ತನಕ ಹೆಮ್ಮೆಯಿಂದ ಹೇಳಿಕೊಂಡಳು. ಅವಳ ಹೆಮ್ಮೆ ನ್ಯಾಯವಾದದ್ದೇ. ಯಜಮಾನಿಕೆ ಅಂದರೆ ಅದು.

ಅಕ್ಕಂದಿರೇ, ಅಣ್ಣಂದಿರೇ, ಈಗ ಸುದ್ದಿ ಸಂತೆಯಿಂದಲ್ಲ, ಫೋನಿನಲ್ಲಿ ಬರುತ್ತದೆ. ರೋಗದ ಮಾತು ಕಿವಿಗೆ ಬಿದ್ದರೆ ಮೊದಲು ಆಶಾ ಕಾರ್ಯಕರ್ತೆಯನ್ನೋ ಡಾಕ್ಟರನ್ನೋ ಕೇಳಿ. ಗೊತ್ತಿಲ್ಲದೆ ಸುಳ್ಳು ಹಬ್ಬಿಸಿದ್ದರೆ, ಹೇಳಿದ ಮನೆಗಳಿಗೆಲ್ಲ ಇವತ್ತೇ ಹೋಗಿ, ಅದು ಸುಳ್ಳು ಎಂದು ಹೇಳಿ. ನಿಮ್ಮ ಮಾನವೇನೂ ಹೋಗುವುದಿಲ್ಲ. ಯಾರದೋ ಮನೆಯ ಕೂಸು ಉಳಿಯುತ್ತದೆ.