ಎಲ್ಲರೂ ಕೂತ ಮೇಲೆ

ನಮ್ಮ ಶಿಶುವಿಹಾರದಲ್ಲಿ ಬೆಳಗಿನ ಹೊತ್ತೆಲ್ಲ ಮಕ್ಕಳದೇ ರಾಜ್ಯ, ಊಟದ ಹೊತ್ತು ಮಾತ್ರ ನನ್ನದು. ಈ ಮಾತನ್ನು ನಾನು ಜಂಬದಿಂದಲೇ ಹೇಳುತ್ತೇನೆ. ಹತ್ತು ಹನ್ನೆರಡು ಪುಟಾಣಿಗಳು ಮರದ ಇಟ್ಟಿಗೆ ಪೇರಿಸಿ ಊರು ಕಟ್ಟಲಿ, ಕಟ್ಟಿದ್ದನ್ನು ಕೆಡವಲಿ, ಮರಳಿನ ತೊಟ್ಟಿಯಲ್ಲಿ ಹೊರಳಾಡಲಿ, ಬಣ್ಣವನ್ನು ಕಾಗದಕ್ಕಿಂತ ಹೆಚ್ಚಾಗಿ ಮೊಣಕೈಗೆ ಬಳಿದುಕೊಳ್ಳಲಿ, ನಾನು ಚಕಾರ ಎತ್ತುವುದಿಲ್ಲ. ತಟ್ಟೆಗಳ ಸದ್ದು ಕೇಳಿತೋ, ಅಲ್ಲಿಗೆ ಮುಗಿಯಿತು. ಕೈ ತೊಳೆದು ಸಾಲಾಗಿ ಬರಬೇಕು, ತಂತಮ್ಮ ಚಮಚ ತಾವೇ ತಂದುಕೊಳ್ಳಬೇಕು, ನೀರನ್ನು ಪುಟ್ಟ ಹೂಜಿಯಿಂದ ತಾವೇ ಬಗ್ಗಿಸಿಕೊಳ್ಳಬೇಕು. ಚೆಲ್ಲಿದವರೇ ಒರೆಸಬೇಕು. ಮನೆಯಲ್ಲಿ ಅಮ್ಮನ ಸೆರಗು ಬಿಡದ ಮಕ್ಕಳು ನನ್ನಲ್ಲಿ ಒರೆಸುವ ಬಟ್ಟೆಗಾಗಿ ಜಗಳವಾಡುತ್ತವೆ.

ಇನ್ನೂ ಒಂದು ನಿಯಮ ಇತ್ತು, ಅದು ದೊಡ್ಡವರಿಗೆ. ಮಕ್ಕಳು ಉಣ್ಣುವಾಗ ನಾವು ಬಾಯಾಡಿಸಕೂಡದು. ನಾವೂ ತಟ್ಟೆ ಹಿಡಿದು ಕೂತರೆ ಕಣ್ಣು ನಮ್ಮ ತಟ್ಟೆಯ ಮೇಲೆ ಹೋಗುತ್ತದೆ, ಅಷ್ಟರಲ್ಲಿ ಯಾವುದೋ ಮಗು ಕ್ಯಾರೆಟ್ಟಿನ ತುಂಡನ್ನು ಮೂಗಿಗೆ ತುರುಕಿಕೊಂಡಿರುತ್ತದೆ. ನಾನು ಕಂಡಿದ್ದೇನೆ, ಅದಕ್ಕೇ ಹೇಳುತ್ತೇನೆ. ಹಾಗಾಗಿ ಮಕ್ಕಳೆಲ್ಲ ಚಾಪೆಯ ಮೇಲೆ ಮಲಗಿದ ಮೇಲೆ ನಾನೂ ಅಡುಗೆಯಕ್ಕನೂ ಅಡುಗೆಮನೆಯ ಕಟ್ಟೆಗೆ ಒರಗಿ, ನಿಂತುಕೊಂಡೇ, ಆರಿದ್ದನ್ನು ನುಂಗುತ್ತಿದ್ದೆವು. ಅಡುಗೆಯಕ್ಕ ನನಗಿಂತ ಹಿರಿಯಳು, ಮಂಡಿ ಹಿಡಿದುಕೊಂಡು ಗೊಣಗುತ್ತಿದ್ದಳು. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಇಂಥ ನನ್ನ ರಾಜ್ಯಕ್ಕೆ ಬಂದಳು ಯಜಮಾನಿ.

ಆ ಹೆಸರು ಇಟ್ಟವಳು ಅಡುಗೆಯಕ್ಕ. ಮೊದಲ ದಿನವೇ ಆ ಮಗು ಬಾಗಿಲಲ್ಲಿ ನಿಂತು ಎಲ್ಲರ ಚಪ್ಪಲಿಗಳನ್ನು ಜೋಡಿಜೋಡಿಯಾಗಿ ಗೋಡೆಗೆ ಸೇರಿಸಿ ಇಟ್ಟಿತು. ಅಳಲಿಲ್ಲ, ಅಮ್ಮನ ಕಾಲು ಹಿಡಿಯಲಿಲ್ಲ. ಒಳಗೆ ಬಂದು ಇಟ್ಟಿಗೆಗಳ ಬುಟ್ಟಿ ನೋಡಿ, ಕೆಂಪು ಬೇರೆ ನೀಲಿ ಬೇರೆ ಮಾಡಲು ಕೂತಿತು. ನಮ್ಮಲ್ಲಿ ಗುಂಡ ಅಂತ ಒಬ್ಬ ಇದ್ದಾನೆ, ಯಾರು ಏನು ಕಟ್ಟಿದರೂ ಅದರ ಮೇಲೆ ಕೂರುವುದರಲ್ಲಿ ಎತ್ತಿದ ಕೈ. ಅವನಿಗೂ ಯಜಮಾನಿ ಒಂದು ಕೆಲಸ ಹಚ್ಚಿದಳು. ವಾರ ಕಳೆಯುವಷ್ಟರಲ್ಲಿ ಗುಂಡ ಹಳದಿ ಇಟ್ಟಿಗೆಗಳನ್ನು ಎಣಿಸಿ ಕೊಡುತ್ತಿದ್ದ. ನಾನು ತಿಂಗಳುಗಟ್ಟಲೆ ತಲೆಕೆಡಿಸಿಕೊಂಡರೂ ಆಗದ ಕೆಲಸ ಅದು. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಆದರೆ ಯಜಮಾನಿ ಊಟ ಮಾಡುತ್ತಿರಲಿಲ್ಲ.

ಹಟವಲ್ಲ, ಅಳುವಲ್ಲ. ತಟ್ಟೆಯ ಮುಂದೆ ನೆಟ್ಟಗೆ ಕೂತು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಉಳಿದವರು ತಿನ್ನುವುದನ್ನು ನೋಡುತ್ತಿದ್ದಳು. ಗುಂಡನ ತಟ್ಟೆ ಖಾಲಿಯಾದರೆ ನನ್ನ ಕಡೆ ತಿರುಗಿ ಕಣ್ಣಲ್ಲೇ ಹೇಳುತ್ತಿದ್ದಳು, ಅವನಿಗೆ ಬಡಿಸಿ ಅಂತ. ಅವಳ ಅನ್ನ ಮಾತ್ರ ಹಾಗೇ ಆರುತ್ತಿತ್ತು. ಮಕ್ಕಳು ಎದ್ದು ತಟ್ಟೆ ಇಟ್ಟು ಚಾಪೆ ಹಾಸುವ ಹೊತ್ತಿಗೆ ತಾನೂ ತುಂಬಿದ ತಟ್ಟೆ ತಂದಿಟ್ಟು ಹೋಗಿ ಮಲಗುತ್ತಿದ್ದಳು. ನಿದ್ದೆ ಬರುವವರೆಗೆ ಅವಳ ಹೊಟ್ಟೆ ಗುರುಗುಟ್ಟುವುದು ನನಗೆ ಕೇಳಿಸುತ್ತಿತ್ತು.

ನಾನು ಸುಲಭಕ್ಕೆ ಕೈಚೆಲ್ಲುವವಳಲ್ಲ. ನಿಧಾನಕ್ಕೆ ತಿನ್ನುವ ಮಗುವಿರಬಹುದು ಎಂದುಕೊಂಡು ಎಲ್ಲರಿಗಿಂತ ಮೊದಲು ಅವಳಿಗೇ ಬಡಿಸಿದೆ. ಅವಳು ಗಾಬರಿಯಾಗಿ ತಟ್ಟೆಯನ್ನು ಗುಂಡನ ಮುಂದೆ ತಳ್ಳಿದಳು. ಅಡುಗೆಯಕ್ಕ ಆಲೂಗಡ್ಡೆಗೆ ಬಟಾಣಿಯ ಕಣ್ಣು, ಕ್ಯಾರೆಟ್ಟಿನ ಬಾಯಿ ಇಟ್ಟು ಕೊಟ್ಟಳು. ಯಜಮಾನಿ ಅದಕ್ಕೆ ನಮಸ್ಕಾರ ಹೇಳಿ ಪಕ್ಕಕ್ಕೆ ಇಟ್ಟಳು. ತುತ್ತು ಮಾಡಿ ಬಾಯಿಯ ಹತ್ತಿರ ಹಿಡಿದರೆ ತುಟಿಗೆ ಬೀಗ. ವಿಚಿತ್ರ ಅಂದರೆ, ಬೆಳಗಿನ ಹಣ್ಣಿಗೆ ಅವಳ ತಕರಾರೇ ಇರಲಿಲ್ಲ. ನಾನು ಹಣ್ಣು ಹೆಚ್ಚುವಾಗ ಹುಳಿಯೋ ಸಿಹಿಯೋ ನೋಡಲು ಮೊದಲ ಹೋಳನ್ನು ಬಾಯಿಗೆ ಹಾಕಿಕೊಳ್ಳುತ್ತೇನೆ. ಅದು ಊಟವಲ್ಲ, ಪರೀಕ್ಷೆ, ನನ್ನ ನಿಯಮಕ್ಕೆ ಭಂಗವಿಲ್ಲ. ಆಮೇಲೆ ಹಂಚಿದರೆ ಎಲ್ಲರ ಜೊತೆ ಅವಳೂ ಗಬಗಬ ತಿನ್ನುತ್ತಿದ್ದಳು. ಹಣ್ಣು ಇಷ್ಟ, ಊಟ ಇಷ್ಟವಿಲ್ಲ ಎಂದು ನಾವು ತೀರ್ಮಾನಿಸಿದೆವು. ಎಷ್ಟು ಬೇಗ ತೀರ್ಮಾನಿಸಿಬಿಡುತ್ತೇವೆ ನಾವು.

ಅವಳ ಅಮ್ಮ ಬಸ್ ಡ್ರೈವರ್. ಮದುವೆಗೆ ಮುಂಚೆ ಲೈಸೆನ್ಸ್ ಮಾಡಿಸಿಟ್ಟಿದ್ದಳಂತೆ, ಮಗಳು ಹುಟ್ಟಿ ಇಷ್ಟು ವರ್ಷವಾದ ಮೇಲೆ ಈಗ ಕೆಲಸ ಸಿಕ್ಕಿತ್ತು. ಇನ್ನೂ ಕೆಲಸ ಕಾಯಂ ಆಗಿರಲಿಲ್ಲ, ರಜೆ ಕೇಳುವ ಹಾಗಿರಲಿಲ್ಲ. ಬೆಳಿಗ್ಗೆ ಮಗಳನ್ನು ಬಿಡಲು ಬಂದಾಗ ಯೂನಿಫಾರ್ಮಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅವಳ ಬಸ್ಸು ಹಾದುಹೋಗುವುದು ನಮ್ಮ ಬೀದಿಯಲ್ಲೇ. ಅಷ್ಟು ದೊಡ್ಡ ಗಾಡಿಯನ್ನು ಈ ಇಕ್ಕಟ್ಟಿನಲ್ಲಿ ತಿರುಗಿಸುವುದನ್ನು ಮೊದಲ ಸಲ ನೋಡಿದಾಗ ತರಕಾರಿ ಅಂಗಡಿಯವನು ತಕ್ಕಡಿ ಹಿಡಿದುಕೊಂಡೇ ನಿಂತುಬಿಟ್ಟಿದ್ದ. ನನಗೆ ಅವಳನ್ನು ಕಂಡರೆ ಹೆಮ್ಮೆ. ನನ್ನ ಅಕ್ಕನೋ ತಂಗಿಯೋ ಓಡಿಸುತ್ತಿರುವ ಹಾಗೆ.

ಎರಡನೇ ವಾರದ ಸೋಮವಾರ ಸಂಜೆ ಅವಳು ಮಗಳನ್ನು ಕರೆದೊಯ್ಯಲು ಬಂದವಳು ಬೆಂಚಿನ ಮೇಲೆ ಕೂತುಬಿಟ್ಟಳು. ಮನೆಯಲ್ಲಿ ಅತ್ತೆ, ಮಗು ಒಣಗಿ ಕಡ್ಡಿಯಾಗುತ್ತಿದೆ ಅನ್ನುತ್ತಿದ್ದರಂತೆ. ಅತ್ತೆಗೆ ಸೊಂಟನೋವು, ಮಗುವನ್ನು ನೋಡಿಕೊಳ್ಳಲು ಅವರ ಕೈಲಿ ಆಗದು. ಮಾವ, ಮೈದುನ ಮಾತಾಡುವವರಲ್ಲ. ಗಂಡ ಒಳ್ಳೆಯವನೇ, ಆದರೆ ಅವನಿಗೂ ಪಾಳಿ ಕೆಲಸ. ಉಳಿದವಳು ಇವಳೊಬ್ಬಳು.

"ಈ ಶುಕ್ರವಾರದವರೆಗೆ ನೋಡ್ತೀನಿ ಟೀಚರ್. ಅಷ್ಟರಲ್ಲಿ ಇವಳು ಇಲ್ಲಿ ಊಟ ಮಾಡಿದ್ರೆ ಸರಿ. ಇಲ್ಲಾಂದ್ರೆ ಸ್ಟೇರಿಂಗ್ ಬಿಟ್ಬಿಡ್ತೀನಿ. ಮಗು ಹಸ್ಕೊಂಡಿದೆ ಅಂತ ಗೊತ್ತಿದ್ದೂ ಗಾಡಿ ಓಡ್ಸೋಕೆ ನನ್ನಿಂದಾಗಲ್ಲ."

ಮನೆಯಲ್ಲಿ ಹೇಗೆ ಉಣ್ಣುತ್ತಾಳೆ ಎಂದು ಕೇಳಿದೆ. ಚೆನ್ನಾಗೇ ಉಣ್ಣುತ್ತಾಳೆ, ಆದರೆ ತಡವಾಗಿ, ಅವಳಿಗೆ ಹಸಿವೇ ತಡ ಅಂದಳು. ನೀವೇ ತಿನ್ನಿಸುತ್ತೀರಾ ಅಂದೆ. ಇಲ್ಲ, ತಾನೇ ತಿನ್ನುತ್ತಾಳೆ, ನನ್ನ ಪಕ್ಕ ಕೂತು ಅಂದಳು. ಉತ್ತರ ಅಂಗೈಯಲ್ಲೇ ಇತ್ತು. ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ. "ಶುಕ್ರವಾರದೊಳಗೆ ಉಣ್ತಾಳೆ, ನೀವು ಗಾಡಿ ಓಡ್ಸಿ" ಎಂದು ಧೈರ್ಯ ಹೇಳಿ ಕಳಿಸಿದೆ. ಬಾಯಿಮಾತಿಗೆ ಹೇಳಲಿಲ್ಲ, ನಂಬಿಯೇ ಹೇಳಿದೆ. ಮಕ್ಕಳ ವಿಷಯದಲ್ಲಿ ನಾನು ಸೋತದ್ದು ಕಡಿಮೆ.

ಮಂಗಳವಾರ ಬಂತು, ಬುಧವಾರ ಬಂತು, ಗುರುವಾರವೂ ಬಂತು. ಜಪ್ಪಯ್ಯ ಅಂದರೂ ಯಜಮಾನಿ ಬಾಯಿ ತೆರೆಯಲಿಲ್ಲ.

ತಿನ್ನಿಸುವ ಉಪಾಯಗಳೆಲ್ಲ ಮುಗಿದಾಗ ನಾನು ಮಾಡುವುದು ಒಂದೇ: ಸುಮ್ಮನೆ ಕೂತು ಆಟ ನೋಡುವುದು. ಮಕ್ಕಳು ಬಾಯಿ ಬಿಟ್ಟು ಹೇಳದ್ದನ್ನು ಆಟದಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತವೆ. ಶುಕ್ರವಾರ ಬೆಳಿಗ್ಗೆ ಗೊಂಬೆಗಳ ಮೂಲೆಯ ಹತ್ತಿರ, ಹರಿದ ಚಿತ್ರದ ಪುಸ್ತಕಗಳಿಗೆ ಅಂಟು ಹಚ್ಚುವ ನೆಪದಲ್ಲಿ ಓರೆಯಾಗಿ ಕೂತೆ. ಕಣ್ಣು, ಕಿವಿ ಎರಡೂ ಅತ್ತಲೇ.

ಯಜಮಾನಿ ಅಡುಗೆ ಮಾಡುತ್ತಿದ್ದಳು. ಇಟ್ಟಿಗೆಗಳೇ ಅನ್ನ, ಗುಂಡಿಗಳೇ ಪಲ್ಯ. ಗೊಂಬೆಗಳು ಸಾಲಾಗಿ ಕೂತಿದ್ದವು, ಸಾಲಿನ ಕೊನೆಯಲ್ಲಿ ಗುಂಡ. ಅವಳು ಎಲ್ಲರಿಗೂ ಬಡಿಸಿದಳು, ಸಾಕಾ ಬೇಕಾ ಕೇಳಿದಳು, ಮೂಗಿಲ್ಲದ ಕರಡಿಗೆ ಎರಡನೇ ಸಲ ಹಾಕಿದಳು. ಗುಂಡ ಒಂದು ಇಟ್ಟಿಗೆಯನ್ನು ನಿಜವಾಗಿಯೂ ನೆಕ್ಕಿ, ನೀನೂ ತಿನ್ನು ಅಂದ. ಎಲ್ಲರದೂ ಆಗಲಿ ಅಂದಳು ಯಜಮಾನಿ.

ಎಲ್ಲರದೂ ಆಯಿತು. ಆಗ ಅವಳು ಎದ್ದು, ಆಟದ ಒಲೆಯ ಹತ್ತಿರ ಅಷ್ಟು ಹೊತ್ತೂ ಗೋಡೆಗೆ ಒರಗಿಸಿ ನಿಲ್ಲಿಸಿದ್ದ ಉದ್ದ ಜಡೆಯ ಗೊಂಬೆಯನ್ನು ಎತ್ತಿಕೊಂಡು ಬಂದಳು. ನೆಲದ ಮೇಲೆ ಕೂರಿಸಿ, ಅದರ ಮುಂದೆ ತಟ್ಟೆ ಇಟ್ಟಳು. ಅದರ ಮಗ್ಗುಲಿಗೆ ಅಂಟಿಕೊಂಡು ತಾನು ಕೂತಳು. ಆಮೇಲೆ ಮೊದಲ ಸಲ ಚಮಚ ಬಾಯಿಗೆ ಇಟ್ಟಳು.

ಅಂಟಿನ ಡಬ್ಬಿ ನನ್ನ ಕೈಯಲ್ಲೇ ಉಳಿಯಿತು. ಮೆಲ್ಲಗೆ ತಿರುಗಿ, ಇದು ಯಾರು ಎಂದು ಕೇಳಿದೆ. ಅಮ್ಮ ಅಂದಳು. ನೀನು ಯಾಕೆ ಮೊದಲೇ ಊಟ ಮಾಡಲಿಲ್ಲ ಎಂದೆ. ಇಷ್ಟೂ ಗೊತ್ತಿಲ್ಲವಾ ಎಂಬಂತೆ ನನ್ನನ್ನು ನೋಡಿದಳು.

"ಅಮ್ಮ ಎಲ್ಲರಿಗೂ ಬಡಿಸ್ತಾಳಲ್ಲ. ಆಮೇಲೆ ಒಬ್ಳೇ ತಿನ್ಬೇಕು. ಪಾಪ ಅಲ್ವಾ."

ನಾನು ಎದ್ದು ನೇರ ಅಡುಗೆಮನೆಗೆ ಹೋದೆ. ಅಡುಗೆಯಕ್ಕ ತರಕಾರಿ ಸೋಸುತ್ತಿದ್ದಳು. ಇವತ್ತು ನನ್ನ ತಟ್ಟೆ ಮಕ್ಕಳ ಮೇಜಿಗೆ ಬರಲಿ ಎಂದೆ. ಅವಳು ಹುಬ್ಬೇರಿಸಿ, ಜ್ವರ ಬಂದಿದೆಯಾ ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ಮಧ್ಯಾಹ್ನ ಎಲ್ಲರಿಗೂ ಬಡಿಸಿ ಮುಗಿಸಿ, ಯಜಮಾನಿಯ ಪಕ್ಕ ಒಂದು ಪುಟ್ಟ ಕುರ್ಚಿ ಎಳೆದುಕೊಂಡು ಕೂತೆ. ಆ ಕುರ್ಚಿಗಳನ್ನು ಮಾಡಿದ್ದು ನನ್ನಂಥವರಿಗಲ್ಲ, ಅದೂ ಕುಂಯ್ ಅಂತ ಹೇಳಿತು. ಮಕ್ಕಳೆಲ್ಲ ತಿನ್ನುವುದನ್ನು ಬಿಟ್ಟು ನನ್ನನ್ನೇ ನೋಡತೊಡಗಿದವು. ಟೀಚರಿಗೂ ಹಸಿವಾಗುತ್ತದೆ ಎಂಬುದು ಅವಕ್ಕೆ ಹೊಸ ಸುದ್ದಿ. ನಾನು ಒಂದು ತುತ್ತು ತಿಂದೆ. ಯಜಮಾನಿಯ ಮುಖ ಅರಳಿತು. ಆದರೆ ಕೈ ಮಡಿಲು ಬಿಡಲಿಲ್ಲ.

ಇನ್ನೊಂದು ತುತ್ತು ತಿಂದೆ. ಇಲ್ಲ. ಸಂಜೆ ಬೆಂಚಿನ ಮೇಲೆ ಕೂರುವ ಆ ಹೆಣ್ಣುಮಗಳ ಮುಖ ಕಣ್ಣಮುಂದೆ ಬಂತು. ಅಷ್ಟು ಆಸೆಪಟ್ಟು ಹಾಕಿಕೊಂಡ ಯೂನಿಫಾರ್ಮನ್ನು ಅವಳು ಬಿಚ್ಚಿಡುವುದನ್ನು ನೆನೆಯುತ್ತ ಮಗುವಿನ ಕಡೆ ತಿರುಗಿದೆ. ಆಗ ಗಮನಿಸಿದೆ, ಮಗು ನೋಡುತ್ತಿದ್ದುದು ನನ್ನನ್ನಲ್ಲ. ಅಡುಗೆಮನೆಯ ಬಾಗಿಲನ್ನು. ಅಲ್ಲಿ ಸೌಟು ಹಿಡಿದು ನಿಂತಿದ್ದಳು ಅಡುಗೆಯಕ್ಕ.

"ಬಾರಕ್ಕ, ನೀನೂ ಕೂತ್ಕೋ" ಎಂದೆ.

"ನಿಮ್ಮ ನಿಯಮ ಏನಾಯ್ತು ಟೀಚರಮ್ಮ?"

"ಇವತ್ತಿಗೆ ಅದರ ಕಥೆ ಮುಗೀತು. ಬಾ, ಮಂಡಿ ನೋವು ಅಂತಿದ್ಯಲ್ಲ."

ಅಡುಗೆಯಕ್ಕ ಸೌಟನ್ನು ಕೆಳಗಿಡುವುದನ್ನೂ ಮರೆತು ಬಂದು ಕೂತಳು. ಗುಂಡ ತನ್ನ ಕುರ್ಚಿ ಸರಿಸಿ ಜಾಗ ಕೊಟ್ಟ, ತನ್ನ ತಟ್ಟೆಯಿಂದ ಒಂದು ಬಟಾಣಿಯನ್ನೂ ಕೊಟ್ಟ. ಯಜಮಾನಿ ಮೇಜಿನ ಈ ತುದಿಯಿಂದ ಆ ತುದಿಗೆ ಒಂದು ಸಲ ಕಣ್ಣಾಡಿಸಿದಳು. ನಿಂತವರು ಯಾರೂ ಉಳಿದಿರಲಿಲ್ಲ. ಮಡಿಲಿನಿಂದ ಕೈ ತೆಗೆದು, ಚಮಚ ಹಿಡಿದು, ತಿನ್ನತೊಡಗಿದಳು. ಹೇಗೆ ತಿಂದಳು ಅನ್ನುತ್ತೀರಿ. ಅನ್ನ ಮುಗಿಯಿತು, ತರಕಾರಿ ಮುಗಿಯಿತು, ಮೊಟ್ಟೆ ಮುಗಿಯಿತು, ತಟ್ಟೆ ಮತ್ತೆ ಮುಂದೆ ಬಂತು. ಅಡುಗೆಯಕ್ಕ ಸೌಟು ಹಿಡಿದೇ ಬಂದಿದ್ದು ಒಳ್ಳೆಯದಾಯಿತು, ಕೂತಲ್ಲಿಂದಲೇ ಬಡಿಸಿದಳು. ನಾನು ಎಷ್ಟೋ ವರ್ಷಗಳ ಮೇಲೆ ಬಿಸಿ ಊಟ ಮಾಡಿದೆ. ಯಾವ ಮಗುವೂ ಮೂಗಿಗೆ ಏನನ್ನೂ ತುರುಕಿಕೊಳ್ಳಲಿಲ್ಲ.

ಸಂಜೆ ಅಮ್ಮ ಬಂದಳು. ಬಾಗಿಲಲ್ಲೇ ನಿಂತು, ನಾನು ಬಾಯಿ ತೆರೆಯುವ ಮೊದಲೇ, ಕೆಲಸ ಬಿಡ್ತೀನಿ ಅಂತ ಡಿಪೋದಲ್ಲಿ ಮಾತಾಡಿಬಿಡುತ್ತೇನೆ ಟೀಚರ್ ಎಂದಳು. ನಾನು ಅವಳ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿ, ಗೊಂಬೆಯ ಊಟದಿಂದ ಹಿಡಿದು ಅಡುಗೆಯಕ್ಕನ ಸೌಟಿನವರೆಗೆ ಎಲ್ಲವನ್ನೂ ಹೇಳಿದೆ. ಮಗಳು ಉಂಡಳು ಅಂದಾಗ ನಕ್ಕಳು. ಯಾಕೆ ಉಣ್ಣುತ್ತಿರಲಿಲ್ಲ ಎಂಬುದು ತಿಳಿದಾಗ ನಗು ನಿಂತಿತು.

"ಹಸಿವು ತಡ ಅಂದ್ಕೊಂಡಿದ್ದೆ" ಎಂದಳು. "ಮನೇಲಿ ನನಗೋಸ್ಕರ ಕಾಯ್ತಿದ್ಲಾ ಇಷ್ಟು ದಿನ?"

ಅಷ್ಟರಲ್ಲಿ ಯಜಮಾನಿ ತನ್ನ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು. ಅಮ್ಮನ ಮುಂದೆ ನಿಂತು ಒಂದು ಪ್ರಶ್ನೆ ಕೇಳಿದಳು. ಈ ಎರಡು ವಾರವೂ ಅವಳ ತಲೆಯಲ್ಲಿ ಕೊರೆಯುತ್ತಿದ್ದುದು ಅದೇ ಇರಬೇಕು.

"ಅಮ್ಮ, ಮಧ್ಯಾಹ್ನ ನಿನ್ನ ಜೊತೆ ಯಾರು ಕೂತ್ರು?"

ಅಮ್ಮ ಮಗಳ ಎರಡೂ ಕೈ ಹಿಡಿದುಕೊಂಡು ಮಂಡಿಯೂರಿದಳು. ಡಿಪೋದಲ್ಲಿ ಒಂದು ಉದ್ದ ಮೇಜು ಇದೆ ಅಂದಳು. ಡ್ರೈವರುಗಳು, ಕಂಡಕ್ಟರುಗಳು ಎಲ್ಲರೂ ಅಲ್ಲೇ ಡಬ್ಬಿ ಬಿಚ್ಚುತ್ತಾರೆ, ಒಬ್ಬರದು ಇನ್ನೊಬ್ಬರು ಕಸಿದು ತಿನ್ನುತ್ತಾರೆ, ನನ್ನ ಬಸ್ಸು ಬರುವುದು ತಡವಾದರೆ ಕಾಯುತ್ತಾರೆ ಅಂದಳು. "ನಾನಲ್ಲಿ ಒಂದಿನಾನೂ ಒಬ್ಳೇ ತಿಂದಿಲ್ಲ ಕಣೇ."

ಯಜಮಾನಿ ಯೋಚಿಸಿದಳು. ಎಲ್ಲರೂ ಕೂತ ಮೇಲೆಯೇ ತಿನ್ನುತ್ತಾರಾ ಎಂದು ಇನ್ನೊಮ್ಮೆ ಖಾತ್ರಿ ಮಾಡಿಕೊಂಡಳು. ಅಮ್ಮ ಹೌದು ಎಂದು ತಲೆಯಾಡಿಸಿದಳು. ಅವಳ ಯೂನಿಫಾರ್ಮಿನ ಗುಂಡಿಯೊಂದು ಬಿಚ್ಚಿಕೊಂಡಿತ್ತು, ಮಗಳು ಅದನ್ನು ನಿಧಾನವಾಗಿ ಹಾಕಿದಳು.

"ಹಾಗಾದ್ರೆ ದಿನಾ ಹೋಗು" ಎಂದಳು.

ಅಮ್ಮ ಅತ್ತಳು, ನಾನೂ ಅತ್ತೆ, ಅದನ್ನು ಮುಚ್ಚಿಡುವುದೇನಿದೆ. ಆಮೇಲೆ ಅವಳು ಕಣ್ಣೊರೆಸಿಕೊಂಡು ಎದ್ದು, ಮನೆಯ ಊಟದ ವಿಷಯ ಇವತ್ತು ರಾತ್ರಿಯೇ ನೋಡಿಕೊಳ್ಳುತ್ತೇನೆ, ಎಲ್ಲರಿಗೂ ಕೈಗಳಿವೆಯಲ್ಲ ಅಂದಳು. ಅಷ್ಟು ದೊಡ್ಡ ಬಸ್ಸನ್ನು ಈ ಬೀದಿಯಲ್ಲಿ ತಿರುಗಿಸುವವಳು, ಅದನ್ನೂ ತಿರುಗಿಸುತ್ತಾಳೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಬಾಗಿಲಲ್ಲಿ ಯಜಮಾನಿ ಅಮ್ಮನ ಚಪ್ಪಲಿಗಳನ್ನು ಜೋಡಿಸಿ ಕೊಟ್ಟಳು, ಇಬ್ಬರೂ ಮನೆಗೆ ಹೊರಟರು.