ಬರ್ಲಿಕತ್ತೀನಿ ಅಂದರೆ ಕತ್ತೆ ಅಲ್ಲ

ಇದೆಲ್ಲ ಶುರುವಾದದ್ದು ನಗ್ಮಾಳ ದಾದಿ, ಅಂದರೆ ಅಪ್ಪನ ತಾಯಿ, ಹಮೀದಾಬೇಗಂ ಅವರಿಂದ. ಕಣ್ಣು ಮಂಜಾದ ಮೇಲೆ ಅಕ್ಷರ ಒತ್ತುವುದು ಆಗದೆ, ವಾಡಿಯ ಮನೆಯಲ್ಲಿ ಕೂತು ಫೋನಿಗೆ ಬಾಯಿ ಹಚ್ಚಿ ಮಗನಿಗೆ, "ಮಜೀದ, ಮಳಿ ಬರ್ಲಿಕತ್ತದ, ಲಗೂನ ಬಾ" ಅಂದರು. ಮಳೆ ಬರುತ್ತಿದೆ, ಬೇಗ ಬಾ ಎಂದು ಅವರ ಮಾತು. ಫೋನು ತನಗೆ ಕೇಳಿಸಿದ್ದನ್ನು ಬರೆದು ಕಳಿಸಿತು: "ಮಜಾ ಇದೆ, ಮಳೆ ಬರಲಿ ಕತ್ತೆ, ಲಗ್ನಕ್ಕೆ ಬಾ." ಮಜೀದಸಾಬರು ಅಂಗಡಿಯ ಬಾಗಿಲು ಎಳೆದು ತೊಯ್ದುಕೊಂಡೇ ಓಡಿ ಬಂದು, ಯಾರ ಲಗ್ನ ಅಂತ ಕೇಳಿದರು.

ಮರುದಿನ ಸೇಡಂ ಕಡೆಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ನಗ್ಮಾ ಇದನ್ನು ಹೇಳಿದಾಗ, ಚಿತ್ತಾಪುರದಲ್ಲಿ ಹತ್ತಿ ಅವಳ ಪಕ್ಕ ಕೂತಿದ್ದ ಮೈತ್ರಿ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಳು. ಇಬ್ಬರೂ ಸೇಡಂನ ಕಾಲೇಜೊಂದರಲ್ಲಿ ಬಿಸಿಎ ಕೊನೆಯ ವರ್ಷ. ಮೈತ್ರಿ ತನ್ನ ಫೋನು ತೆಗೆದು, "ಏನ್ ಮಾಡ್ಲಿಕತ್ತೀ" ಅಂದಳು. "ಏನು ಮಾಡಲಿ ಕತ್ತೆ" ಎಂದು ಬಂತು. "ಉಣ್ಲಿಕತ್ತೀನಿ" ಅಂದರೂ ಕತ್ತೆ, "ಓದ್ಲಿಕತ್ತೀನಿ" ಅಂದರೂ ಕತ್ತೆ. ಆಮೇಲೆ ಅವಳ ನಗು ನಿಂತಿತು.

"ನಗ್ಮಾ, ಇದನ್ನ ನಮ್ಮ ಪ್ರಾಜೆಕ್ಟ್ ಮಾಡಿದ್ರ ಹ್ಯಾಂಗ?"

ಕ್ಲಾಸಿನಲ್ಲಿ ಉಳಿದವರೆಲ್ಲ ಲೈಬ್ರರಿ ಪುಸ್ತಕದ ಲೆಕ್ಕ ಇಡುವ ಪ್ರೋಗ್ರಾಮನ್ನೇ ಆರಿಸಿಕೊಂಡಿದ್ದರು. ಸೀನಿಯರುಗಳೂ ಅದನ್ನೇ ಮಾಡಿದ್ದರು, ಅವರ ಸೀನಿಯರುಗಳೂ ಅದನ್ನೇ. ಗೈಡ್ ನಾಗರತ್ನಾ ಮೇಡಂ ಇವರ ಮಾತು ಕೇಳಿ ಕನ್ನಡಕ ತೆಗೆದರು.

"ಆಗ್ತದೇನವಾ ನಿಮ್ಮ ಕೈಲೆ?"

"ಆಗಲಿಲ್ಲಂದ್ರ, ಯಾಕ ಆಗಲಿಲ್ಲ ಅಂತ ಬರೀತೀವ್ರಿ ಮೇಡಂ" ಅಂದಳು ಮೈತ್ರಿ. ಮೇಡಂ ಅಲ್ಲೇ ಸಹಿ ಹಾಕಿಬಿಟ್ಟರು.

ಎಲ್ಲವನ್ನೂ ಬುಡದಿಂದ ಕಟ್ಟಬೇಕಾಗಿರಲಿಲ್ಲ. ಮಾತು ಕೇಳಿ ಬರೆಯುವ, ಪುಸ್ತಕದ ಕನ್ನಡ ಬಲ್ಲ ಒಂದು ಮಾಡೆಲ್ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿತ್ತು. ಅದಕ್ಕೆ ಈ ಕಡೆಯ ದನಿಗಳನ್ನೂ, ಆ ದನಿ ಆಡಿದ್ದು ಏನೆಂಬುದನ್ನೂ ಜೋಡಿಸಿ ಜೋಡಿಸಿ ಉಣಿಸಿದರೆ ಅದು ಮೆಲ್ಲಗೆ ಕಲಿಯುತ್ತದೆ. ದನಿಗಳಿಗೇನು ಬರವೇ? ದಿನಾ ರೈಲಿನಲ್ಲಿ ಒಂದು ಡಬ್ಬಿಯ ತುಂಬ ಜನ, ಇವರ ಕೈಯಲ್ಲಿ ರೆಕಾರ್ಡು ಮಾಡುವ ಫೋನು. ಆದಿತ್ಯನಗರದ ಸಿಮೆಂಟ್ ಕೆಲಸದವರು ಪಾಳಿ ಬೈದರು, ಅಳಿಯನನ್ನು ಹೊಗಳಿದರು. ಸೊಪ್ಪಿನ ಬುಟ್ಟಿಯ ಹೀರಾಬಾಯಿ ಮೊದಲು ಸೆರಗು ಬಾಯಿಗಿಟ್ಟುಕೊಂಡು, "ನನ್ನ ದನಿ ಒಳಗ ಹೋದ್ರ ಮತ್ತ ನನಗ ಉಳೀತದಿಲ್ಲ?" ಎಂದು ಕೇಳಿದಳು. ಉಳಿಯುತ್ತದೆ ಎಂದು ಖಾತ್ರಿಯಾದ ಮೇಲೆ ಮಳಖೇಡ ಬಂದರೂ ಇಳಿಯಲು ಮರೆತು ಮಾತಾಡಿದಳು.

ಕಷ್ಟವೆಂದರೆ ಕೇಳಿದ್ದನ್ನೆಲ್ಲ ಕೂತು ಟೈಪು ಮಾಡುವುದು. "ಹೋಗ್ಲಿಕತ್ತದ" ಎಂದು ಬರೆಯಬೇಕೋ "ಹೊಂಟದ" ಎಂದೋ ಎಂಬ ಜಗಳ, ಹೆಡ್‌ಫೋನಿನ ಒಂದು ಕಿವಿ ಇವಳಿಗೆ, ಇನ್ನೊಂದು ಅವಳಿಗೆ. ಹಲವು ಸಲ ಮಾಡೆಲ್ ಬರುತ್ತಿದ್ದದ್ದನ್ನೂ ಮರೆತು ಬರೀ ಅರ್ಥವಿಲ್ಲದ ಅಕ್ಷರ ಸುರಿಯಿತು. ಕಡೆಗೊಂದು ಮಧ್ಯಾಹ್ನ, ಲ್ಯಾಬಿನಲ್ಲಿ, ನಗ್ಮಾ ದಾದಿಯಿಂದ ಮತ್ತೆ ಹೇಳಿಸಿ ತಂದ ಅದೇ ಮಾತನ್ನು ಅದಕ್ಕೆ ಕೇಳಿಸಿದಳು. ಪರದೆಯ ಮೇಲೆ ಒಂದೊಂದೇ ಪದ ಮೂಡಿತು: "ಮಜೀದ, ಮಳಿ ಬರ್ಲಿಕತ್ತದ, ಲಗೂನ ಬಾ." ಮೈತ್ರಿ ಕುರ್ಚಿಯಿಂದ ಎದ್ದು ನಿಂತಳು. ನಿಂತು ಏನು ಮಾಡಬೇಕೆಂದು ತೋಚದೆ ಮತ್ತೆ ಕೂತಳು. ನಗ್ಮಾ ಅವಳ ಬೆನ್ನಿಗೆ ಗುದ್ದಿದ್ದು ಎರಡು ದಿನ ನೋಯುತ್ತಿತ್ತು, ಆದರೂ ಚಂದ ನೋವು.

ವೈವಾದ ದಿನ, ಅಂದರೆ ಮೌಖಿಕ ಪರೀಕ್ಷೆಗೆ, ಕಲಬುರಗಿಯಿಂದ ಬಂದ ಪರೀಕ್ಷಕರ ಹೆಸರು ಸುರೇಶಕುಮಾರ. ಇಸ್ತ್ರಿ ಮಡಿಕೆ ಕೆಡದ ಅಂಗಿ, ಇಂಗ್ಲಿಷಿನಲ್ಲೇ ಪ್ರಶ್ನೆ. ಮೈತ್ರಿಗೆ ಉತ್ತರವೆಲ್ಲ ಗೊತ್ತಿತ್ತು. ಆದರೆ ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಅರ್ಧ ಉದುರಿಹೋಗುತ್ತಿತ್ತು. ಅವರು ಮೈಕಿನ ಮುಂದೆ ಬಾಗಿ, ಸುದ್ದಿ ಓದುವವರಂತೆ, "ನಾನು ಈಗ ಊಟ ಮಾಡುತ್ತಿದ್ದೇನೆ" ಎಂದರು. ಪರದೆಯ ಮೇಲೆ "ನಾ ಈಗ ಊಟ ಮಾಡ್ಲಿಕತ್ತೀನಿ" ಎಂದು ಬಂತು.

"ನಾನು ಹೇಳಿದ್ದು ಒಂದು, ಇದು ಬರೆದದ್ದು ಇನ್ನೊಂದು. ಇದು ತಪ್ಪಲ್ಲವೇ?"

"ತಪ್ಪೇ ಅದರಿ ಸರ್" ಎಂದಳು ಮೈತ್ರಿ, ಇಂಗ್ಲಿಷು ಕೈಬಿಟ್ಟು. "ನಾವು ಕಲಿಸಿದ ದನಿಯೊಳಗ ಹಂಗ ಮಾತಾಡಿದವರು ಒಬ್ಬರೂ ಇಲ್ರಿ. ಅದಕ್ಕ ಈಗ ಇದಕ್ಕ ಪುಸ್ತಕದ ಮಾತೇ ಮರತದ."

ಅವರು ಏನೋ ಬರೆದುಕೊಳ್ಳುತ್ತಿರುವಾಗ ಫೋನು ಬಂತು. "ಒಂದು ನಿಮಿಷ" ಎಂದು ಗೋಡೆಯ ಕಡೆ ಹೊರಳಿ ಮಾತಾಡತೊಡಗಿದರು. ಮೈಕು ಆರಿಸಲು ಯಾರಿಗೂ ನೆನಪಾಗಲಿಲ್ಲ. ಅವರ ಬೆನ್ನ ಹಿಂದೆ ಪರದೆಯ ಮೇಲೆ ಸಾಲು ಸಾಲಾಗಿ ಮೂಡುತ್ತ ಹೋಯಿತು:

"ಹೂಂ ಯವ್ವಾ. ಇಲ್ಲ, ಇನ್ನ ಉಂಡಿಲ್ಲ. ಪರೀಕ್ಷಾ ಮಾಡ್ಲಿಕತ್ತೀನಿ. ಯವ್ವಾ, ಅಣ್ಣ ಬರ್ತಾನಲ, ಅವನ ಕೈಯಾಗ ನಿಂದು ಮಾವಿನ ಉಪ್ಪಿನಕಾಯಿ ಕಳಸು. ಈಕಿ ಹಾಕಿದ್ದು ಬರೇ ಉಪ್ಪ ಆಗ್ಯದ. ಈಕಿಗಿ ಹೇಳಬ್ಯಾಡ ಮತ್ತ."

ಒಂದು ಅಕ್ಷರವೂ ತಪ್ಪಿರಲಿಲ್ಲ. ನಗ್ಮಾ ದುಪಟ್ಟಾ ಕಚ್ಚಿಕೊಂಡಳು. ನಾಗರತ್ನಾ ಮೇಡಂ ಕಿಟಕಿಯ ಆಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡತೊಡಗಿದರು. ಸುರೇಶಕುಮಾರರು ಫೋನು ಇಟ್ಟು ತಿರುಗಿದರು, ಓದಿದರು, ಇನ್ನೊಮ್ಮೆ ಓದಿದರು. ಅವರ ಕಿವಿ ಕೆಂಪಾಯಿತು. ಆಮೇಲೆ ಹೊಟ್ಟೆಯಿಂದ ಎದ್ದ ನಗು ಅಂಗಿಯ ಮಡಿಕೆಯನ್ನೆಲ್ಲ ಕೆಡಿಸಿತು.

"ಇದನ್ನ ಸೇವ್ ಮಾಡಬ್ಯಾಡ್ರವಾ" ಅಂದರು. "ನಮ್ಮ ಮನ್ಯಾಗೂ ಕಂಪ್ಯೂಟರ್ ಬಲ್ಲವರಿದ್ದಾರ."

ಅಲ್ಲಿಂದ ಮುಂದೆ ಪರೀಕ್ಷೆ ಪರೀಕ್ಷೆಯಾಗಿ ಉಳಿಯಲಿಲ್ಲ. ಅವರು ಊರ ಮಾತಿನಲ್ಲೇ ಕೇಳಿದರು, ಮೈತ್ರಿ ಊರ ಮಾತಿನಲ್ಲೇ ಹೇಳಿದಳು: ಕೆಲವರ ದನಿಯನ್ನು ಕಲಿಸದೆ ಬೇರೆ ತೆಗೆದಿಟ್ಟದ್ದು ಯಾಕೆ, ಅವನ್ನೇ ಕಡೆಗೆ ಕೇಳಿಸಿ ಪರೀಕ್ಷೆ ಮಾಡಿದ್ದು ಹೇಗೆ, ರೈಲಿನ ಸದ್ದನ್ನು ಅಳಿಸದೆ ಬಿಟ್ಟಿದ್ದೇ ಹೇಗೆ ಒಳ್ಳೆಯದಾಯಿತು. ಮೂರು ವರ್ಷ ಕಲಿತದ್ದೆಲ್ಲ ತನ್ನೊಳಗೆ ಇಷ್ಟು ಅಚ್ಚುಕಟ್ಟಾಗಿ ಕೂತಿದೆ ಎಂದು ಅವಳಿಗೇ ಆಗ ತಿಳಿಯಿತು.

"ಚಿಂಚೋಳಿ ಕಡಿ ದನಿ ಅದಾವೇನು?"

"ಇಲ್ರಿ ಸರ್. ಆ ಕಡಿ ರೈಲಿಲ್ಲಲ್ರಿ."

"ಬಸ್ಸದಲ. ನಮ್ಮೂರು ಅಲ್ಲೇ, ಚಿಮ್ಮನಚೋಡ. ರವಿವಾರ ಬರ್ರಿ. ನಾನೂ ಬರ್ತೀನಿ, ಉಪ್ಪಿನಕಾಯಿ ನಾನೇ ಒಯ್ದರಾಯ್ತು."

ರವಿವಾರ ಇಬ್ಬರೂ ಹೋದರು. ಸುರೇಶಕುಮಾರರ ತಾಯಿ ಅನಸುಬಾಯಿ ಫೋನನ್ನು ಪಕ್ಕಕ್ಕೆ ಸರಿಸಿ, "ಮೊದಲ ಉಣ್ರಿ, ಆಮ್ಯಾಲ ಮಾತು" ಅಂದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ದೊಡ್ಡ ಸೊಸೆ ಬಡಿಸಲು ಬಂದಳು, ಮೊಮ್ಮಕ್ಕಳು ಸುತ್ತ ಕೂತರು, ಓಣಿಯ ಹೆಣ್ಣುಮಕ್ಕಳು "ಯಾರೋ ದನಿ ಕೇಳಲಿಕ್ಕ ಬಂದಾರಂತ" ಎನ್ನುತ್ತ ಅಂಗಳದಲ್ಲಿ ನೆರೆದರು. ಒಬ್ಬಾಕೆಯ ಕನ್ನಡದಲ್ಲಿ ತೆಲುಗು ಬೆರೆತಿತ್ತು, ಇನ್ನೊಬ್ಬಾಕೆಗೆ ಮಾತಿಗಿಂತ ಬೈಗುಳ ಸಲೀಸು.

"ಏನ್ ಹೇಳಬೇಕವಾ?" ಎಂದು ಕೇಳಿದರು ಅನಸುಬಾಯಿ.

"ದಿನಾ ಮಾತಾಡಿದಂಗ ಮಾತಾಡ್ರಿ ಆಯಿ" ಎಂದಳು ಮೈತ್ರಿ.

ಅಷ್ಟು ಸಾಕಾಯಿತು. ಅನಸುಬಾಯಿ ಶುರು ಮಾಡಿದರು, ಸೊಸೆ ಅದನ್ನು ತಿದ್ದಿದಳು, ಓಣಿಯವರು ಇಬ್ಬರನ್ನೂ ತಿದ್ದಿದರು, ಸುರೇಶಕುಮಾರರು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ನಡುವೆ ಹೊಕ್ಕರು. ಇಷ್ಟು ಮಂದಿ ಒಮ್ಮೆಲೇ ಮಾತಾಡಿದರೆ ಯಾವ ಮಾಡೆಲಿಗೂ ತಲೆಬುಡ ತಿಳಿಯದು, ಒಬ್ಬೊಬ್ಬರಾಗಿ ಕೂರಿಸಬೇಕು ಎಂದು ನಗ್ಮಾ ಕಣ್ಣಿನಲ್ಲೇ ಹೇಳಿದಳು. ಮೈತ್ರಿಗೂ ಗೊತ್ತಿತ್ತು. ಆದರೂ ಅವಳು ಫೋನನ್ನು ರೊಟ್ಟಿಯ ಬುಟ್ಟಿಗೆ ಒರಗಿಸಿಟ್ಟು, ಇನ್ನೊಂದು ರೊಟ್ಟಿ ಮುರಿದುಕೊಂಡು, ಕೇಳುತ್ತ ಕೂತಳು.