ಒತ್ತು, ಹಿಡಿ

ಚಳಿ ಹೋಗಿ ಬಿಸಿಲು ಇನ್ನೂ ಬಲಿಯದ ದಿನಗಳು. ಬೆಳಗಿನ ಬಿಸಿಲು ಕಾಂಪೌಂಡ್ ಗೋಡೆ ದಾಟಿ ಅಂಗಳಕ್ಕೆ ಇಳಿಯುವ ಹೊತ್ತಿಗೆ ಅವಳ ಅಣ್ಣನ ಫೋನು ಬಂತು. ಆಗ ಅವಳ ಬಲಗಾಲು ಕಾರಿನ ಬ್ರೇಕ್ ಪೆಡಲಿನ ಮೇಲಿತ್ತು. ಗಂಡ ಮುಂದಿನ ಚಕ್ರದ ಹತ್ತಿರ ಗೋಣಿಚೀಲ ಹಾಸಿಕೊಂಡು ಮಲಗಿದ್ದ. ಅವಳು ಕೂತಲ್ಲಿಗೆ ಅವನ ಪಾದಗಳಷ್ಟೇ ಕಾಣುತ್ತಿದ್ದವು.

"ಒತ್ತು."

ಒತ್ತಿದಳು.

"ಹಿಡಿ. ನಾನು ಹೇಳೋ ತನಕ ಬಿಡಬೇಡ."

ಅಣ್ಣ ಹೆಚ್ಚು ಮಾತಾಡುವವನಲ್ಲ. "ಅಮ್ಮ ನೀರೂ ಕುಡೀತಿಲ್ಲ. ಡಾಕ್ಟ್ರು ಬಂದಿದ್ರು, ಇವತ್ತೋ ನಾಳೆಯೋ ಅಂದ್ರು. ಕಣ್ಣು ಬಿಟ್ಟಾಗೆಲ್ಲ ನಿನ್ನೇ ಕೇಳ್ತಾಳೆ. ಬಂದ್ಬಿಡು ತಂಗಿ."

"ಹೊರಟೆ ಅಣ್ಣ, ಈಗ್ಲೇ ಹೊರಟೆ," ಅಂದಳು. ಅಂದು, ಫೋನು ಮಡಿಲಲ್ಲಿ ಇಟ್ಟುಕೊಂಡಳು. ಬಿಡು ಎಂದು ಗಂಡ ಇನ್ನೂ ಹೇಳಿರಲಿಲ್ಲವಾದ್ದರಿಂದ ಕಾಲು ಪೆಡಲಿನ ಮೇಲೇ ಇತ್ತು.

ತವರು ಗುಡ್ಡದ ಕೆಳಗಿನ ಊರು. ತಿರುವುಗಳ ದಾರಿ. ಕಾರಾದರೆ ಎರಡು ತಾಸು. ಬಸ್ಸಾದರೆ ಸುತ್ತುಬಳಸಿ ಹೋಗಬೇಕು, ಮಧ್ಯಾಹ್ನಕ್ಕೊಂದೇ ಬಸ್ಸು, ತಪ್ಪಿದರೆ ಮರುದಿನ ಬೆಳಗಿನ ತನಕ ಕಾಯಬೇಕು.

"ರೀ, ಅಮ್ಮನಿಗೆ ಜಾಸ್ತಿ ಆಗಿದೆಯಂತೆ. ನಾನು ಬಸ್ಸಿಗೆ ಹೋಗ್ಲಾ?"

ಅವನು ಕಾರಿನ ಕೆಳಗಿನಿಂದ ತಲೆ ಹೊರಗೆ ಹಾಕಿದ. ಗಡ್ಡದ ಮೇಲೆ ಎಣ್ಣೆ. "ಆ ಬಸ್ಸು ಮುಟ್ಟೋ ಹೊತ್ತಿಗೆ ನಾವು ಅಲ್ಲಿ ಕೈಕಾಲು ತೊಳೆದು ಕೂತಿರ್ತೀವಿ. ಇನ್ನು ಅರ್ಧ ಗಂಟೆ ಕೆಲಸ."

"ಬಾಡಿಗೆ ಕಾರಾದ್ರೂ ಕರೀಬಹುದಲ್ಲ?"

"ಅಂಗಳದಲ್ಲಿ ಕಾರು ನಿಲ್ಸಿಕೊಂಡು ಬಾಡಿಗೆ ಕಾರಲ್ಲಿ ಇಳಿದ್ರೆ ನಿಮ್ಮಣ್ಣ ಏನಂತಾನೆ? ನೀನು ಹೋದ್ರೆ ಒತ್ತೋರು ಯಾರು? ಇದು ಇಬ್ಬರ ಕೆಲಸ ಕಣೇ. ಒತ್ತು."

ಅವನದು ಮೋಟಾರ್ ರಿಪೇರಿ ಅಂಗಡಿ. ಪಂಪು, ಫ್ಯಾನು, ಹಿಟ್ಟಿನ ಗಿರಣಿಯ ಮೋಟಾರು, ಏನೇ ತಂದುಕೊಟ್ಟರೂ ತಿರುಗಿಸಿ ಕೊಡುತ್ತಿದ್ದ. ಅದಕ್ಕೇ ಬೀದಿಯವರೆಲ್ಲ ಅವನನ್ನು ಮೋಟಾರು ಅಂತಲೇ ಕರೆಯುವುದು. ಭಾನುವಾರ ಕಾರಿನ ಬ್ರೇಕು ಕಿರುಗುಟ್ಟಿತೆಂದು ಮುಂದಿನ ಎರಡೂ ಚಕ್ರ ಬಿಚ್ಚಿದ. ಚಕ್ರದ ತಟ್ಟೆಯನ್ನು ಎರಡು ಕಡೆಯಿಂದ ಅವುಚಿ ನಿಲ್ಲಿಸುವ ಹಿಡಿ ಇರುತ್ತದಲ್ಲ, ಕ್ಯಾಲಿಪರ್, ಅವೆರಡೂ ಕೆಸರು ತುಕ್ಕು ತಿಂದು ಬಿಗಿದುಕೊಂಡಿದ್ದವು. ಎರಡನ್ನೂ ಬಿಚ್ಚಿ ಅವಳ ಬಟ್ಟೆ ನೆನೆಸುವ ಟಬ್ಬಿಗೆ ಹಾಕಿ, ಸೀಮೆಎಣ್ಣೆ ಸುರಿದು, "ನೀನೇ ತಿಕ್ಕು. ನಿನ್ನ ಕೈ ಬಿದ್ರೆ ಕಬ್ಬಿಣವೂ ಫಳಫಳ ಅನ್ನುತ್ತೆ," ಅಂದಿದ್ದ. ಅವನ ಬಾಯಲ್ಲಿ ಹೊಗಳಿಕೆ ಬರುವುದೇ ಅಪರೂಪ. ಉಗುರಿನ ಸಂದಿ ಕಪ್ಪಾಗುವ ತನಕ ತಿಕ್ಕಿ ಅವಳು ಎರಡನ್ನೂ ಹಿತ್ತಿಲ ಕಲ್ಲಿನ ಮೇಲೆ ಒಣಗಲಿಟ್ಟಿದ್ದಳು. ಅವನು ತೆಗೆದು ಜೋಡಿಸಿದ್ದ.

ಅಂದಿನಿಂದ ಪೆಡಲು ಮೆತ್ತಗೆ. ಕೊಳವೆಯೊಳಗೆ ಗಾಳಿ ಸೇರಿದೆ, ತೆಗೆದರೆ ಸರಿಯಾಗುತ್ತದೆ ಎಂದ. ಅವಳು ಪೆಡಲು ಒತ್ತಿ ಹಿಡಿಯಬೇಕು, ಅವನು ಕ್ಯಾಲಿಪರಿನಲ್ಲಿ ಗಾಳಿ ಬಿಡುವ ಪುಟ್ಟ ತಿರುಪನ್ನು, ಅಂದರೆ ನಿಪ್ಪಲನ್ನು, ಸಡಿಲಿಸಬೇಕು, ಗಾಳಿ ಗುಳ್ಳೆಗುಳ್ಳೆಯಾಗಿ ಎಣ್ಣೆಯ ಜೊತೆ ಹೊರಗೆ ಬರಬೇಕು, ಅವನು ಬಿಗಿ ಮಾಡಿದ ಮೇಲೆ ಅವಳು ಕಾಲು ತೆಗೆಯಬೇಕು. ಭಾನುವಾರ ಮಾಡಿದ್ದರು, ಸೋಮವಾರ ಸಂಜೆ ಮಾಡಿದ್ದರು, ಈಗ ಮಂಗಳವಾರ.

ಪಕ್ಕದ ಮನೆಯ ಡ್ರೈವರಣ್ಣ ಕಾಂಪೌಂಡಿನ ಆಚೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ವಯಸ್ಸಿಡೀ ಬಸ್ಸು ಓಡಿಸಿ ಮಂಡಿ ಸವೆಸಿಕೊಂಡವನು. ಎದ್ದರೆ ಕೂರಲಾರ, ಕೂತರೆ ಏಳಲಾರ. ಬಾಯಿಗೆ ಮಾತ್ರ ಯಾವ ನೋವೂ ಇರಲಿಲ್ಲ.

"ಏನೋ ಮೋಟಾರು, ಇನ್ನೂ ಗಾಳಿ ತೆಗೀತಿದ್ದೀಯಾ? ಇಷ್ಟು ಗಾಳಿ ಒಳಗಿದ್ದಿದ್ರೆ ನಿನ್ನ ಕಾರು ಇಷ್ಟೊತ್ತಿಗೆ ಹಾರ್ಬೇಕಿತ್ತಲ್ಲೋ."

"ಸುಮ್ನಿರಣ್ಣ. ಆಯ್ತು ಬಂತು."

"ಭಾನುವಾರದಿಂದ ಬರ್ತಾನೇ ಇದೆ ಪುಣ್ಯಾತ್ಮ."

ಮಧ್ಯಾಹ್ನದ ಬಸ್ಸು ಕೆಳಗಿನ ತಿರುವಿನಲ್ಲಿ ಹಾರ್ನ್ ಹಾಕಿತು. ಅವಳು ಬಲಗಾಲನ್ನು ಕಾರಿನಿಂದ ಹೊರಗಿಟ್ಟಳು. ನೆಲ ಮುಟ್ಟಿತು. ಓಡಿದರೆ ಸಿಗುತ್ತಿತ್ತು.

"ಒತ್ತು," ಎಂದ ಅವನು.

ಒತ್ತಿದಳು. ಬಸ್ಸು ನಿಂತ ಸದ್ದು ಕೇಳಿತು, ಹೊರಟ ಸದ್ದೂ ಕೇಳಿತು.

ಆಮೇಲೆ ಸ್ವಲ್ಪ ಹೊತ್ತಿಗೆ ಮತ್ತೆ ಅಣ್ಣನ ಫೋನು. "ಅಮ್ಮನ ಕಿವಿಗೆ ಹಿಡೀತೀನಿ, ಮಾತಾಡು," ಅಂದ. ಮೊದಲು ಬರೀ ಉಸಿರು. ಆಮೇಲೆ, ಒಣಗಿದ ನಾಲಿಗೆಯಲ್ಲಿ ಮಾತು ಎಳೆದು ತಂದ ಹಾಗೆ, "ಎಲ್ಲಿಗ್ ಬಂದ್ಯೇ?"

ಅವಳು ಮುಂದೆ ನೋಡಿದಳು. ಕಾರಿನ ಗಾಜು, ಗಾಜಿನಾಚೆ ತನ್ನದೇ ಮನೆಯ ಗೋಡೆ, ಗೋಡೆಯ ಮೇಲೆ ಒಣಹಾಕಿದ ಟವೆಲು.

"ಅರ್ಧ ದಾರಿಗೆ ಬಂದೆ ಅಮ್ಮ. ಬಂದ್ಬಿಟ್ಟೆ."

"ಹ್ಞೂಂ. ನಿಧಾನ ಬಾ," ಅಂದಳು ತಾಯಿ.

ಡ್ರೈವರಣ್ಣನಿಗೆ ಅದು ಕೇಳಿಸಿರಬೇಕು. ಅವನ ತಮಾಷೆ ಅಲ್ಲಿಗೆ ನಿಂತಿತು. "ಅಮ್ಮಣ್ಣಿ, ಅವನ್ನ ಬಿಡು, ನೀನು ಹೇಳು. ಕಾಲಿಗೆ ಹೇಗನ್ಸುತ್ತೆ?"

ಭಾನುವಾರದಿಂದ ಅದನ್ನು ಯಾರೂ ಅವಳನ್ನು ಕೇಳಿರಲಿಲ್ಲ. "ಮೊದಲ್ನೇ ಸಲ ಒತ್ತಿದ್ರೆ ತಳಕ್ಕೇ ಹೋಗುತ್ತೆ ಅಣ್ಣ. ಬೇಗಬೇಗ ಎರಡು ಮೂರು ಸಲ ಒತ್ತಿದ್ರೆ ಮೇಲೆ ಬರುತ್ತೆ, ಆದ್ರೆ ಗಟ್ಟಿ ಇಲ್ಲ. ಒದ್ದೆ ಹಾಸಿಗೆ ಮೇಲೆ ಕಾಲಿಟ್ಟ ಹಾಗೆ."

"ಒತ್ತಿ ಹಿಡ್ಕೊಂಡೇ ಇದ್ರೆ ಮೆಲ್ಲಗೆ ಕುಸಿಯುತ್ತಾ?"

"ಇಲ್ಲ, ಅಲ್ಲೇ ನಿಲ್ಲುತ್ತೆ."

"ಹಾಗಾದ್ರೆ ಪೆಡಲಿಂದ ಎಣ್ಣೆ ತಳ್ಳೋ ಮೇಲಿನ ಸಿಲಿಂಡರ್ ಚೆನ್ನಾಗಿದೆ. ಎಲ್ಲಾದ್ರೂ ಸೋರ್ತಿದೆಯೇನೋ ಮೋಟಾರು?"

"ಒಂದು ಹನೀನೂ ಇಲ್ಲ."

"ಮತ್ತಿನ್ನೇನು, ಒಳಗೆ ಗಾಳೀನೇ."

"ಇದ್ರೆ ಬರ್ಬೇಕಲ್ಲಣ್ಣ! ಡಬ್ಬಿಗಟ್ಟಲೆ ಎಣ್ಣೆ ಖಾಲಿ ಆಯ್ತು. ಗುಳ್ಳೆ ಅನ್ನೋದು ಒಂದೂ ಬರಲ್ಲ." ಅವನು ಎದ್ದು ಸ್ಪಾನರನ್ನು ಗೋಣಿಚೀಲದ ಮೇಲೆ ಎಸೆದ. "ಸಾಕು. ಎರಡೆರಡು ಸಲ ಒತ್ತಿದ್ರೆ ಹಿಡಿಯುತ್ತಲ್ಲ, ಹಾಗೇ ಹೋಗೋಣ. ಬಟ್ಟೆ ತಗೋ."

"ಆ ಇಳಿಜಾರಲ್ಲಿ ಎರಡ್ನೇ ಸಲ ಒತ್ತೋಕೆ ಯಾರು ಟೈಮು ಕೊಡ್ತಾರೋ?" ಎಂದ ಡ್ರೈವರಣ್ಣ.

ಅವಳಿಗೂ ಅದು ಗೊತ್ತಿತ್ತು. ಕಾಲಿಗೆ ಗೊತ್ತಿತ್ತು. ಆದರೂ ಒಳಗೆ ಹೋಗಿ ಚೀಲ ತಂದು ಅವನ ಪಕ್ಕದಲ್ಲಿ ಕೂತಳು. ಅರ್ಧ ದಾರಿಗೆ ಬಂದೆ ಅಂದವಳು ಇನ್ನು ಹೇಗೆ ಕೂರದೆ ಇರುತ್ತಾಳೆ?

ಗೇಟು ದಾಟಿ ಬೀದಿಗೆ ಬಂದು ಬಲಕ್ಕೆ ಹೊರಳಿದರೆ ಇಳಿಜಾರು. ಕಾರು ವೇಗ ಹಿಡಿಯಿತು. ಅವನು ಒತ್ತಿದ. ಪೆಡಲು ತಳಕ್ಕೆ ಹೋಗಿ ಬಡಿದ ಸದ್ದು ಅವಳಿಗೆ ಕೇಳಿಸಿತು. ಮತ್ತೆ ಒತ್ತಿದ, ಮತ್ತೆ ಒತ್ತಿದ. ಹಿಟ್ಟಿನ ಗಿರಣಿಯ ಗೋಡೆ ಎದುರಿಗೆ ಬಂತು, ಅದಕ್ಕೆ ಬೆನ್ನು ಕೊಟ್ಟು ಕೂತಿದ್ದ ಹೆಂಗಸು ಡಬ್ಬಿ ಬಿಟ್ಟು ಎದ್ದಳು. ಅವನು ಹ್ಯಾಂಡ್‌ಬ್ರೇಕ್ ಎಳೆದ. ಕಾರು ಅಡ್ಡ ತಿರುಗಿ ಗೋಡೆಯ ಹತ್ತಿರ ನಿಂತಿತು. ಬಾಗಿಲು ತೆರೆದುಕೊಂಡು ಇಳಿಯುವಷ್ಟು ಜಾಗವೂ ಅವಳ ಕಡೆ ಇರಲಿಲ್ಲ.

ಯಾರೂ ಬಯ್ಯಲಿಲ್ಲ. ಗಿರಣಿಯ ಇಬ್ಬರು ಬಂದು ತಳ್ಳಿಕೊಟ್ಟರು. ಅಂಗಳಕ್ಕೆ ತಂದು, ಜಾಕ್ ಏರಿಸಿ, ಅವನು ಮತ್ತೆ ಚಕ್ರ ಬಿಚ್ಚಿದ. ಅವಳು ಸೀಟಿಗೆ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಚಕ್ರವಿದ್ದ ಜಾಗದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಇಷ್ಟು ದಿನ ಕಾಲಿನಿಂದ ಮಾತ್ರ ಬಲ್ಲದ್ದನ್ನು ಕಣ್ಣಿನಿಂದ ನೋಡಿದಳು.

"ನಿಪ್ಪಲ್ ಯಾವುದ್ರೀ?"

"ಅದೇ, ಕೆಳಗೆ. ರಬ್ಬರ್ ಟೋಪಿ ಇದೆಯಲ್ಲ."

"ಕೆಳಗಾ?" ಎಂದ ಡ್ರೈವರಣ್ಣ ಆಚೆಯಿಂದ. "ಅಮ್ಮಣ್ಣಿ, ಸರಿಯಾಗಿ ನೋಡಿ ಹೇಳು. ನೆಲ ನೋಡ್ತಿದೆಯಾ, ಆಕಾಶ ನೋಡ್ತಿದೆಯಾ?"

"ನೆಲ."

"ಆ ಕಡೇದು?"

ಎದ್ದು ಸುತ್ತಿಕೊಂಡು ಹೋಗಿ ನೋಡಿದಳು. "ಇದೂ ನೆಲವೇ ಅಣ್ಣ."

ಡ್ರೈವರಣ್ಣ ಕುರ್ಚಿಯಿಂದ ಮುಂದಕ್ಕೆ ಬಾಗಿದ. ಆಮೇಲೆ ದನಿ ತಗ್ಗಿಸಿ, "ಎಡದ್ದು ಬಲಕ್ಕೆ ಹಾಕಿದ್ದೀಯ ಕಣೋ, ಬಲದ್ದು ಎಡಕ್ಕೆ. ಗಾಳಿ ಮೇಲೆ ಹೋಗಿ ಕೂತಿದೆ, ನೀನು ಕೆಳಗಿಂದ ಎಣ್ಣೆ ಬಸೀತಿದ್ದೀಯ. ವರ್ಷ ಪೂರ್ತಿ ಮಾಡಿದ್ರೂ ಅದು ಬರಲ್ಲ," ಅಂದ.

ಗಂಡ ಬಗ್ಗಿ ನೋಡಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಎದ್ದಾಗ ಕೈ ಒರೆಸಿಕೊಳ್ಳುತ್ತಾ ಡ್ರೈವರಣ್ಣನ ಕಡೆ ತಿರುಗಿದ, ಅವಳ ಕಡೆ ಅಲ್ಲ.

"ತೊಳೆದು ಇಟ್ಟೋಳು ಇವಳು. ಎಡ ಬಲ ಅನ್ನೋದು ಇಲ್ದೆ ಅದಲು ಬದಲು ಮಾಡಿ ಇಟ್ಟಿದ್ದಾಳೆ. ಕಲ್ಲಿನ ಮೇಲೆ ಹೇಗಿತ್ತೋ ಹಾಗೆ ನಾನು ಹಾಕ್ದೆ."

"ಕಲ್ಲಿಗೆ ಏನೋ ಗೊತ್ತು? ಹಾಕಿದ ಕೈ ಯಾರದು?"

ಅವಳು ಅವರಿಬ್ಬರ ಮಾತಿನ ನಡುವೆ ಹಾದು ಹೋಗಿ ಸೀಟಿನಲ್ಲಿ ಕೂತಳು. ಅವನು ಎರಡನ್ನೂ ಬಿಚ್ಚಿ ಕಡೆ ಬದಲಿಸಿ ಹಾಕುವ ತನಕ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದಳು. ಆಮೇಲೆ ಅವನು ಹೇಳುವ ಮೊದಲೇ ಒತ್ತಿದಳು. ಈ ಸಲ ಹೊರಗೆ ಬುಸ್ಸೆಂದು ಉಗುಳಿದ ಸದ್ದು. ಗುಳ್ಳೆ, ಗುಳ್ಳೆ, ಬರೀ ಗುಳ್ಳೆ. ನಾಲ್ಕಾರು ಸಲಕ್ಕೆ ಕಾಲ ಕೆಳಗೆ ಕಲ್ಲು ಸಿಕ್ಕಂತಾಯಿತು.

"ಬಂತಾ?" ಎಂದ ಅವನು.

"ಬಂತು."

ಎಣ್ಣೆ ತುಂಬಿ ಮುಚ್ಚಳ ಹಾಕುತ್ತಿದ್ದಾಗ ಫೋನು ಬಂತು. ಅಣ್ಣನ ಹೆಸರು ನೋಡಿ ಅವಳು ತೆಗೆಯಲಿಲ್ಲ. ಅದು ಪೂರ್ತಿ ಕೂಗಿ ನಿಂತಿತು. ಅಮ್ಮ ಹೋದದ್ದು ಮಂಗಳವಾರ, ದೀಪ ಹಾಕುವ ಹೊತ್ತಿಗೆ.

ದಾರಿಯುದ್ದಕ್ಕೂ ಬ್ರೇಕು ಹೇಳಿದಂತೆ ಕೇಳಿತು. ಒಂದೊಂದು ತಿರುವಿನಲ್ಲೂ ಕಾರು ತಗ್ಗಿ, ನಿಧಾನಿಸಿ, ಹೊರಳಿತು. "ನೋಡು, ಹೇಗೆ ಹಿಡೀತಿದೆ," ಎಂದು ಅವನು ಒಂದು ಸಲ ಬಾಯಿತಪ್ಪಿ ಅಂದ.

ಅಣ್ಣ ಬಾಗಿಲಲ್ಲೇ ನಿಂತಿದ್ದ. "ಮಧ್ಯಾಹ್ನ ಅರ್ಧ ದಾರೀಲಿದ್ದೀನಿ ಅಂದ್ಯಲ್ಲ ತಂಗಿ? ಅಮ್ಮ, ಬಾಗಿಲ ಕಡೆಗೇ ತಿರುಗಿಸಿ ಮಲಗ್ಸು ಅಂದ್ಲು. ಹಾಗೇ ಮಲಗ್ಸಿದ್ದೆ."

"ಕಾರು ಕೈ ಕೊಡ್ತು ಭಾವ," ಎಂದ ಗಂಡ. "ಇವಳು ಕ್ಯಾಲಿಪರ್ ತೊಳೆಯುವಾಗ..."

ಅವಳು ಒಳಗೆ ಹೋದಳು.

ಆಗಬೇಕಾದ್ದೆಲ್ಲ ಆಯಿತು. ಬಂದವರು ಬಂದರು, ಹೋದರು. ಗುರುವಾರ ಬೆಳಿಗ್ಗೆ ಅವಳು ತಾಯಿಯ ಮಂಚದ ಚಾದರಗಳನ್ನು ಒಗೆದು ಹಿಂಡುತ್ತಿದ್ದಾಗ ಅವನು ಬಂದು ನಿಂತ.

"ಹೊರಡೋಣ್ವಾ? ಅಂಗಡಿ ಬಾಗಿಲು ಹಾಕಿದ್ದು ಹಾಕಿದ ಹಾಗೇ ಇದೆ."

"ನೀವು ಹೊರಡಿ."

"ನೀನು ಯಾವತ್ತು ಬರ್ತೀಯ?"

ಅವಳು ಚಾದರದ ಒಂದು ತುದಿಯನ್ನು ಅತ್ತಿಗೆಯ ಕೈಗೆ ಕೊಟ್ಟಳು. ಇಬ್ಬರೂ ಎದುರುಬದುರು ನಿಂತು ತಿರುಚಿದರು. ನೀರು ಕಾಲ ಮೇಲೆ ಸುರಿಯಿತು.

"ಕೇಳಿದ್ನಲ್ಲ," ಎಂದ.

"ಕೇಳಿಸ್ತು."

ಅವನು ಹೋಗಿ ಕಾರು ಹತ್ತಿದ. ಬೀದಿಯ ಕೊನೆಯಲ್ಲಿ ಕಾರಿನ ಹಿಂದಿನ ಎರಡೂ ಕೆಂಪು ದೀಪ ಒಟ್ಟಿಗೆ ಹೊತ್ತಿಕೊಂಡವು. ಯಾರೋ ಮುದುಕಿ ಮೊಮ್ಮಗುವಿನ ಕೈ ಹಿಡಿದು ರಸ್ತೆ ದಾಟುತ್ತಿದ್ದಳು. ಕಾರು ಒಂದು ಅಂಗುಲವೂ ಜಾರದೆ ನಿಂತಿತ್ತು. ಅವರು ಆಚೆ ಮುಟ್ಟಿದ ಮೇಲೂ ದೀಪ ಉರಿಯುತ್ತಲೇ ಇತ್ತು. ಆಮೇಲೆ ಆರಿತು. ಅವನು ಹೋದದ್ದು ಗುರುವಾರ, ಒಬ್ಬನೇ.